ಒಂಬತ್ತಂಗುಲದ ಮರಕ್ಕೊಂದು ಏಣಿ

ಬಸ್ ನಿಲ್ದಾಣದ ಕಳೆದುಹೋದ ವಸ್ತುಗಳ ವಿಭಾಗದಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಗುಮಾಸ್ತ. ಪ್ರಯಾಣಿಕರು ಸೀಟಿನಲ್ಲಿ ಬಿಟ್ಟುಹೋದ ಕೊಡೆ, ಕನ್ನಡಕ, ಟಿಫಿನ್ ಡಬ್ಬಿ, ಒಮ್ಮೊಮ್ಮೆ ಕಟ್ಟಿಸಿದ ಹಲ್ಲಿನ ಸೆಟ್ಟು, ಇವಕ್ಕೆಲ್ಲ ನಂಬರಿನ ಚೀಟಿ ಕಟ್ಟಿ ಕಪಾಟಿಗೆ ಸೇರಿಸುವುದು ನನ್ನ ಕೆಲಸ. ಈ ಕೆಲಸ ಮಾಡುತ್ತ ಮಾಡುತ್ತ ನನ್ನ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ: ನಂಬರಿಲ್ಲದ ವಸ್ತು ವಸ್ತುವೇ ಅಲ್ಲ. ಬೀದಿಯಲ್ಲಿ ಬಿದ್ದಿರುವ ಒಂಟಿ ಚಪ್ಪಲಿಯನ್ನು ಯಾರೂ ಮೂಸಿ ನೋಡುವುದಿಲ್ಲ. ಅದೇ ಚಪ್ಪಲಿಗೆ ಒಂದು ನಂಬರು ಬೀಳಲಿ, ಆಮೇಲೆ ಅದನ್ನು ಬಿಸಾಡಬೇಕೆಂದರೆ ಮೂವರು ಅಧಿಕಾರಿಗಳ ಸಹಿ ಬೇಕು. ಮನುಷ್ಯನಿಗೇ ಇಷ್ಟು ಮರ್ಯಾದೆ ಇಲ್ಲ.

ಹೀಗಿರುವಾಗ ನಮ್ಮ ಊರಿನಲ್ಲಿ ಮರಗಣತಿ ಶುರುವಾಯಿತು. ಪ್ರತಿ ಮರಕ್ಕೂ ಅಂಗೈ ಅಗಲದ ಹಸಿರು ತಗಡಿನ ಬಿಲ್ಲೆ, ಅದರ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಎದುರುಮನೆ ವಕೀಲರ ಮರಕ್ಕೆ ಬಿಲ್ಲೆ ಬಿತ್ತು. ಪಕ್ಕದ ಹಿಟ್ಟಿನ ಗಿರಣಿಯ ಮುಂದಿದ್ದ ಸೊಟ್ಟ ಮರಕ್ಕೂ ಬಿತ್ತು. ನಮ್ಮ ಮೂರು ಮಹಡಿಯ ಕಟ್ಟಡದ ಮುಂದೆ ಮಾತ್ರ ಮರವಿಲ್ಲ, ಸ್ಕೂಟರುಗಳಿವೆ. ವಕೀಲರು ದಿನಾ ಬೆಳಿಗ್ಗೆ ಸಂಜೆ ಒದ್ದೆ ಬಟ್ಟೆಯಲ್ಲಿ ತಮ್ಮ ಬಿಲ್ಲೆ ಒರೆಸುತ್ತಿದ್ದರು. ಅದನ್ನು ಕಿಟಕಿಯಿಂದ ನೋಡುತ್ತ ಹಲ್ಲುಜ್ಜುವಾಗ ನನಗಾಗುತ್ತಿದ್ದ ಹೊಟ್ಟೆ ಉರಿಯನ್ನು ಇಲ್ಲಿ ವಿವರಿಸಲು ಹೋಗುವುದಿಲ್ಲ.

ನಮ್ಮಲ್ಲಿ ಮರವಿರಲಿಲ್ಲ ಎಂದರೆ ಅದು ಪೂರ್ತಿ ಸತ್ಯವೂ ಅಲ್ಲ. ಎರಡನೇ ಮಹಡಿಯ ನಮ್ಮ ಮನೆಯ ಹಿಂದಿನ ಬಾಲ್ಕನಿಯಲ್ಲಿ, ತಟ್ಟೆಯಂಥ ಒಂದು ಅಗಲ ಕುಂಡದಲ್ಲಿ, ಮಳೆಮರದ ಸಸಿಯೊಂದಿತ್ತು. ಅದು ನನ್ನ ಮಾವನವರದು, ಅಂದರೆ ಹೆಂಡತಿಯ ತಂದೆಯದು.

ಮಾವ ನಲವತ್ತಾರು ವರ್ಷ ಕಟಿಂಗ್ ಅಂಗಡಿ ನಡೆಸಿದವರು. ಎಪ್ಪತ್ತಕ್ಕೆ ಮೊಣಕಾಲು ಕೈಕೊಟ್ಟಿದ್ದರಿಂದ ಅಂಗಡಿ ಮುಚ್ಚಿ ನಮ್ಮ ಜೊತೆ ಇರಲು ಬಂದರು. ಬಂದ ಮೊದಲೆರಡು ತಿಂಗಳು ಅವರನ್ನು ನೋಡಲು ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು, ಬಲಗೈಯ ಎರಡು ಬೆರಳು ಮಾತ್ರ ತಮ್ಮಷ್ಟಕ್ಕೆ ಕಚಕಚ ಎಂದು ಕತ್ತರಿಸುತ್ತಲೇ ಇರುತ್ತಿದ್ದವು. ಮನೆಗೆ ಬಂದ ನೆಂಟರ ಮುಖ ನೋಡದೆ ಕತ್ತಿನ ಹಿಂಭಾಗ ನೋಡಿ ಮಾತಾಡುತ್ತಿದ್ದರು. ಊಟವಂತೂ ಹಕ್ಕಿಯ ಊಟ. ನನ್ನ ಹೆಂಡತಿ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು ಈರುಳ್ಳಿ ಹೆಚ್ಚದಿದ್ದ ದಿನವೂ ಈರುಳ್ಳಿಯ ಮೇಲೆ ಹಾಕುತ್ತಿದ್ದಳು.

ಒಂದು ದಿನ ಮಾವ ಹಳೇ ಅಂಗಡಿಯ ಎದುರಿನ ಮಳೆಮರದ ಕೆಳಗಿಂದ ಕಾಯಿ ಆರಿಸಿ ತಂದರು. ಬೀಜ ನೆನೆಹಾಕಿದರು. ಮೂರು ಮೊಳೆತು ಒಂದು ಉಳಿಯಿತು. ಪಾರ್ಕಿನ ತೋಟಗಾರನ ಹತ್ತಿರ ಕೂತು, ಮರವನ್ನು ಕುಂಡದಲ್ಲೇ ಗಿಡ್ಡವಾಗಿಡುವ ಬೋನ್ಸಾಯ್ ವಿದ್ಯೆ ಕಲಿತು ಬಂದರು. ಆಮೇಲೆ ನೋಡಬೇಕಿತ್ತು! ಕಾಂಡಕ್ಕೆ ಮೆತ್ತನೆಯ ತಂತಿ ಸುತ್ತಿ ಚಂದದ ಬಳುಕು ತಂದರು. ಎಲೆಯೊಳಗೆ ಬಾಚಣಿಗೆ ತೂರಿಸಿ, ಅಂಗಡಿಯ ಅದೇ ಹಳೇ ಕತ್ತರಿಯಿಂದ, ಹೆಚ್ಚಿದ್ದನ್ನು ಮಾತ್ರ ಕತ್ತರಿಸಿದರು. ಸಸಿಗೆ 'ಗಿರಾಕಿ' ಎಂದು ಹೆಸರಿಟ್ಟರು. ಊಟ ಎರಡು ಪಾಲಾಯಿತು. ಬೆರಳುಗಳು ಸುಮ್ಮನಾದವು. ನನ್ನ ಹೆಂಡತಿ ಪಾತ್ರೆ ತೊಳೆಯುತ್ತ ಹಾಡು ಗುನುಗತೊಡಗಿದಳು. ಅಂಥ ನೆಮ್ಮದಿಯ ಮನೆಗೆ ಬೆಂಕಿ ಹಚ್ಚಿದವನು ನಾನು.

ಅವತ್ತು ಸಂಜೆ ಕೆಲಸ ಮುಗಿಸಿ ಬಂದಾಗ ಗೇಟಿನ ಬಳಿ ಗಣತಿಯ ಮೇಡಂ ಒಂದು ಚಪ್ಪಲಿ ಕಳಚಿ ಹಿಮ್ಮಡಿ ಒತ್ತಿಕೊಳ್ಳುತ್ತ ನಿಂತಿದ್ದರು.

"ನಿಮ್ಮಲ್ಲಿ ಮರ ಇಲ್ಲ, ಅಲ್ವಾ?" ಎಂದರು.

ಆ 'ಅಲ್ವಾ' ಇದೆಯಲ್ಲ, ಅದು ನನ್ನ ಮರ್ಮಕ್ಕೆ ತಾಗಿತು. ಎದುರುಗಡೆ ವಕೀಲರು ಬೇರೆ ಬಿಲ್ಲೆ ಒರೆಸುತ್ತ ನಿಂತಿದ್ದರು.

"ಯಾಕಿಲ್ಲ? ಇದೆ," ಎಂದೆ, ವಕೀಲರಿಗೆ ಕೇಳುವಷ್ಟು ಜೋರಾಗಿ. "ಹಿಂದ್ಗಡೆ ಇದೆ. ಮಳೆಮರ."

"ಓ! ಮಳೆಮರಾನಾ? ಭಾರಿ ಮರ ಅದು. ಎತ್ತರ ಎಷ್ಟಿದೆ?"

"ಒಂಬತ್ತು."

ಹಿಂದಿನ ಭಾನುವಾರ ನಾನೇ ಸ್ಕೇಲು ಹಿಡಿದು ಅಳೆದಿದ್ದೆ. ಒಂಬತ್ತು ಅಂಗುಲ. 'ಅಂಗುಲ' ಎಂಬುದು ನನ್ನ ಗಂಟಲಿನವರೆಗೆ ಬಂದಿತ್ತು, ಪ್ರಮಾಣ ಮಾಡಿ ಹೇಳುತ್ತೇನೆ. ಆದರೆ ಅಷ್ಟರಲ್ಲಿ ಮೇಡಂ "ಒಂಬತ್ತು ಮೀಟರ್" ಎಂದು ಗುನುಗುತ್ತ ಬರೆದೇಬಿಟ್ಟರು, ಅತ್ತ ವಕೀಲರ ಕೈಯಲ್ಲಿದ್ದ ಒದ್ದೆ ಬಟ್ಟೆ ಗಾಳಿಯಲ್ಲಿ ನಿಂತುಬಿಟ್ಟಿತು. ಆ ದೃಶ್ಯವನ್ನು ಹಾಳುಮಾಡಲು ನನಗೆ ಮನಸ್ಸಾಗಲಿಲ್ಲ.

"ಹೋಗಿ ನೋಡ್ಬೇಕಲ್ಲ. ತುಂಬಾ ನಡೀಬೇಕಾ?" ಎಂದು ಕೇಳಿದರು ಮೇಡಂ.

"ಎರಡು ಮಹಡಿ ಹತ್ತಬೇಕು."

"ಮರ ನೋಡೋಕಾ?"

"ಅಲ್ಲಿಂದ ಚೆನ್ನಾಗಿ ಕಾಣತ್ತೆ."

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿದ್ದರೆ ತೋರಿಸಿ. ಮೇಡಂ ಮೆಟ್ಟಿಲು ನೋಡಿದರು, ತಮ್ಮ ಹಿಮ್ಮಡಿ ನೋಡಿದರು, ಚೀಲದಿಂದ ಒಂದು ಬಿಲ್ಲೆ ತೆಗೆದು ನನ್ನ ಕೈಗಿಟ್ಟರು. ನಂಬರು ಸಾವಿರದ ನಾನೂರ ಹನ್ನೆರಡು.

ಮೇಲೆ ಹೋದವನೇ ಬಿಲ್ಲೆಗೆ ದಾರ ಕಟ್ಟಿ ಸಸಿಯ ಎದುರು ತೂಗುಹಾಕಿದೆ. ಮಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಅಳಿಯಂದಿರೇ, ಗಿರಾಕಿ ಎಲ್ಲಿ?"

"ಬಿಲ್ಲೆ ಹಿಂದೆ ಇದೆ ಮಾವ."

"ರೀ, ಮರಕ್ಕಿಂತ ಬಿಲ್ಲೆನೇ ದಪ್ಪ ಇದೆಯಲ್ರೀ," ಎಂದಳು ಹೆಂಡತಿ. ಹೆಂಗಸರಿಗೆ ಸರ್ಕಾರಿ ನಂಬರಿನ ಘನತೆ ಅರ್ಥವಾಗುವುದಿಲ್ಲ ಎಂದುಕೊಂಡೆ.

ಆ ಭಾನುವಾರ ಕಾರ್ಯದರ್ಶಿಗಳು ಬಂದರು. ಕಾರ್ಯದರ್ಶಿಗಳೆಂದರೆ ನಮ್ಮ ಕೆಳಗಿನ ಮನೆಯವರು, ಕಟ್ಟಡದ ನಿವಾಸಿಗಳ ಸಂಘಕ್ಕೆ ಹನ್ನೊಂದು ವರ್ಷದಿಂದ ಅವಿರೋಧವಾಗಿ ಆಯ್ಕೆಯಾಗುತ್ತಿರುವವರು, ಏಕೆಂದರೆ ಆ ಕೆಲಸ ಬೇರೆ ಯಾರಿಗೂ ಬೇಡ. ಮಾತೆತ್ತಿದರೆ ನಿಯಮ. ತಮ್ಮ ಬಚ್ಚಲಿನ ಚಾವಣಿಯಲ್ಲಿ ತೇವದ ಕಲೆ ಮೂಡಿದೆಯೆಂದು ದೂರಲು ಬಂದಿದ್ದರು. ಬಾಲ್ಕನಿಗೆ ಬಂದವರು ಬಿಲ್ಲೆ ನೋಡಿದರು, ಬಾಚಣಿಗೆ ಹಿಡಿದು ಕತ್ತರಿ ಎತ್ತಿದ ಮಾವನನ್ನು ನೋಡಿದರು.

"ನಿಲ್ಲಿ!"

ಮಾವನ ಕೈ ಗಾಳಿಯಲ್ಲೇ ನಿಂತಿತು.

"ನಂಬರು ಬಿದ್ದ ಮರದ ಒಂದು ಕಡ್ಡಿ ಕತ್ತರಿಸಿದ್ರೂ ಕೇಸು! ಮರದ ಆಫೀಸಿನ ಅನುಮತಿ ಬೇಕು. ಗೊತ್ತಿಲ್ವಾ?"

"ಸಾರ್, ಇದು ಕುಂಡದಲ್ಲಿದೆ," ಎಂದೆ.

"ಕುಂಡದಲ್ಲಿದ್ರೆ ಪರವಾಗಿಲ್ಲ ಅಂತ ನಿಯಮದಲ್ಲಿ ಎಲ್ಲಿದೆ, ತೋರಿಸಿ ನೋಡೋಣ?"

ಹತ್ತೊಂಬತ್ತು ವರ್ಷ ಒಂಟಿ ಚಪ್ಪಲಿಯನ್ನೂ ಅನುಮತಿ ಇಲ್ಲದೆ ಬಿಸಾಡದ ನಾನು, ನಂಬರಿನ ಮರಕ್ಕೆ ಕತ್ತರಿ ಹಾಕಿಸುವುದೇ? ಮಾವನ ಕೈಯಿಂದ ಕತ್ತರಿ ಇಸಿದುಕೊಂಡು ಆಫೀಸಿನ ಚೀಲಕ್ಕೆ ಹಾಕಿಬಿಟ್ಟೆ. ಮಾವ "ಆಯ್ತು ಅಳಿಯಂದಿರೇ" ಎಂದರು, ಅಷ್ಟೆ. ಮಧ್ಯಾಹ್ನ ಅರ್ಧ ಊಟಕ್ಕೇ ಎದ್ದರು.

"ಆ ದರಿದ್ರ ಬಿಲ್ಲೆ ಕಿತ್ತು ಬಿಸಾಕ್ರೀ!" ಎಂದಳು ಹೆಂಡತಿ.

"ಸರ್ಕಾರಿ ನಂಬರು ಕಣೇ! ಕೀಳೋಕಾಗತ್ತಾ? ಒಂದು ಅರ್ಜಿ ಕೊಟ್ರೆ ಮುಗೀತು."

"ಎಷ್ಟು ದಿನ ಹಿಡಿಯತ್ತೆ?" ಎಂದು ಮಾವ ಮೆಲ್ಲಗೆ ಕೇಳಿದರು. "ಯಾಕಂದ್ರೆ ಬಿಸಿಲು ಜೋರಾಗಿದೆ. ಮೇಲಿನ ಚಿಗುರು ಸರ್ರನೆ ಏಳ್ತಾ ಇದೆ. ರಸ ಎಲ್ಲಾ ಅದೇ ಎಳ್ಕೊಂಡ್ರೆ ಕೆಳಗಿನ ಕೊಂಬೆ ಒಣಗೋಗತ್ತೆ. ತಂತಿನೂ ಬಿಚ್ಚಬೇಕು, ತೊಗಟೆ ಕಚ್ತಾ ಇದೆ. ಹದಿನೈದು ದಿನ ಅಂದ್ರೆ ಹದಿನೈದೇ ದಿನ. ಆಮೇಲೆ ಅದು ಬೋನ್ಸಾಯ್ ಅಲ್ಲ ಅಳಿಯಂದಿರೇ, ಪೊರಕೆ ಕಡ್ಡಿ."

ಮರುದಿನವೇ ರಜೆ ಹಾಕಿ ಮರದ ಆಫೀಸಿಗೆ ಹೋದೆ. ಕೌಂಟರಿನ ಗುಮಾಸ್ತ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ರಿಜಿಸ್ಟರಿನಲ್ಲಿ ನನ್ನ ನಂಬರು ಹುಡುಕಿದ.

"ಸಾವಿರದ ನಾನೂರ ಹನ್ನೆರಡು. ಮಳೆಮರ, ಒಂಬತ್ತು ಮೀಟರ್. ಕೊಂಬೆ ಯಾಕೆ ಕಡೀಬೇಕು?"

"ಅಂದಕ್ಕೆ."

"ಆ ಕಾರಣ ಫಾರಮ್ಮಲ್ಲಿಲ್ಲ. ಗೋಡೆಗೆ ಅಪಾಯ, ಕರೆಂಟು ತಂತಿಗೆ ಅಪಾಯ, ರೋಗ, ಇತರೆ."

"ಹಾಗಾದ್ರೆ ಇತರೆ."

"ಇತರೆ ಅಂದ್ರೆ ಸಾಹೇಬ್ರು ಖುದ್ದು ಬಂದು ನೋಡ್ತಾರೆ. ಇರ್ಲಿ. ಕಡಿಯೋಕೆ ಜನ ಎಷ್ಟು?"

"ನಮ್ಮ ಮಾವ ಒಬ್ರೇ ಸಾಕು."

"ವಯಸ್ಸು?"

"ಎಪ್ಪತ್ತೆರಡು."

"ಎಪ್ಪತ್ತೆರಡು ವರ್ಷದವರು ಒಂಬತ್ತು ಮೀಟರ್ ಹತ್ತುತ್ತಾರಾ?"

"ಹತ್ತಲ್ಲ ಸಾರ್. ಕುರ್ಚಿಯಲ್ಲಿ ಕೂತೇ ಕಡೀತಾರೆ."

ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು.

"ಯಾವುದರಲ್ಲಿ?"

"ಕತ್ತರಿಯಲ್ಲಿ."

ಆತ ಪೆನ್ನು ಕೆಳಗಿಟ್ಟ. ಆಗಲೇ ನಿಜ ಹೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಹಿಂದಿನಿಂದ "ಏನ್ ಸಾರ್, ನಿಮ್ಮ ಮಹಾವೃಕ್ಷ ಹೇಗಿದೆ?" ಎಂಬ ದನಿ. ತಿರುಗಿದರೆ ಸಾಲಿನಲ್ಲಿ ನನ್ನ ಹಿಂದೆಯೇ ಎದುರುಮನೆ ವಕೀಲರು! ಬಾಯಿ ಮುಚ್ಚಿಕೊಂಡೆ.

"ಮನೆಯಲ್ಲಿ ಎಲ್ಲಾ ಸರಿ ಇದೆ ತಾನೇ?" ಎಂದು ಗುಮಾಸ್ತ ಮರುಕದಿಂದ ಕೇಳಿ, ಅರ್ಜಿಗೆ ಸೀಲು ಗುದ್ದಿದ. "ಗೇಟಿಗೆ ಪ್ರಕಟಣೆ ಅಂಟಿಸ್ತೀವಿ. ಸಾರ್ವಜನಿಕರ ಆಕ್ಷೇಪಣೆಗೆ ಹತ್ತು ದಿನ. ಆಮೇಲೆ ಸಾಹೇಬ್ರು ಬರ್ತಾರೆ."

ಪ್ರಕಟಣೆ ಅಂಟಿದ್ದೇ ತಡ, ನಮ್ಮ ಬೀದಿಯಲ್ಲಿ ಇಷ್ಟೊಂದು ಸಾರ್ವಜನಿಕರಿದ್ದಾರೆಂದು ನನಗೆ ಗೊತ್ತಾಯಿತು. 'ಎರಡನೇ ಮಹಡಿಯಲ್ಲಿರುವ ಒಂಬತ್ತು ಮೀಟರ್ ಎತ್ತರದ ಮಳೆಮರ' ಎಂದು ಅದರಲ್ಲಿ ಅಚ್ಚಾಗಿತ್ತು. ಮೊದಲ ಆಕ್ಷೇಪಣೆ ಕಾರ್ಯದರ್ಶಿಗಳದು. ತಮ್ಮ ಬಚ್ಚಲಿನ ತೇವಕ್ಕೆ ಮರದ ಬೇರೇ ಕಾರಣ, ಕೊಂಬೆ ಕಡಿದರೆ ಬೇರು ಸಿಟ್ಟಿಗೆದ್ದು ಇನ್ನಷ್ಟು ಕೆಳಗಿಳಿಯುತ್ತದೆ, ಆದ್ದರಿಂದ ಇಲಾಖೆಯವರು ಮೊದಲು ಚಾವಣಿಯನ್ನು ರಿಪೇರಿ ಮಾಡಿಕೊಡಬೇಕು ಎಂದು ನಾಲ್ಕು ಪುಟ ಬರೆದಿದ್ದರು.

"ಸಾರ್, ನೀವೇ ಕಣ್ಣಾರೆ ನೋಡಿದ್ದೀರಿ. ತಟ್ಟೆಯಷ್ಟು ಕುಂಡ!" ಎಂದೆ.

"ಬೇರು ಎಷ್ಟು ದೂರ ಹೋಗತ್ತೆ ಅಂತ ನಿಮಗೇನ್ರೀ ಗೊತ್ತು? ಕುಂಡದ ಕೆಳಗೆ ತೂತಿದೆಯೋ ಇಲ್ವೋ?"

ತೂತು ಇತ್ತು.

ಎರಡನೆಯವರು ನಮ್ಮ ಮೇಲಿನ ಮನೆಯ ಡ್ರಿಲ್ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದರೂ ಕೊರಳಿನ ಸೀಟಿ ಇನ್ನೂ ನಿವೃತ್ತಿಯಾಗಿಲ್ಲ. ಪ್ರಕೃತಿ ಪ್ರೇಮಿಗಳ ಬಳಗ ಕಟ್ಟಿಕೊಂಡವರು. ಎರಡನೇ ಮಹಡಿಯಿಂದ ಒಂಬತ್ತು ಮೀಟರ್ ಎದ್ದ ಮರ ಮೂರನೇ ಮಹಡಿಯ ತಮ್ಮ ಮನೆಯೊಳಗಿಂದಲೇ ಹಾದುಹೋಗಬೇಕಲ್ಲ ಎಂದು ಲೆಕ್ಕ ಹಾಕಿ, ಅವರು ಮನೆಗೆ ಓಡಿ ಹೋಗಿ ಸ್ಟೋರ್ ರೂಮನ್ನೂ ಬಚ್ಚಲನ್ನೂ ತಡಕಾಡಿದರಂತೆ. ಅಲ್ಲಿ ಸಿಗದಿದ್ದಾಗ ಏಳು ಜನ ಪ್ರೇಮಿಗಳನ್ನೂ ಒಂದು ಬ್ಯಾನರನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. 'ಮಹಾವೃಕ್ಷವನ್ನು ಉಳಿಸಿ' ಎಂದು ಬ್ಯಾನರಿನಲ್ಲಿ ಬರೆದಿತ್ತು.

ಬಾಲ್ಕನಿಗೆ ಬಂದ ಮೇಷ್ಟ್ರು ಆಕಾಶ ನೋಡಿದರು.

"ಎಲ್ಲಿ?"

"ಸ್ವಲ್ಪ ಕೆಳಗೆ ನೋಡಿ ಸಾರ್."

ನೋಡಿದರು. ಏಳು ಜನ ಹಿಂದಿನಿಂದ ಕತ್ತು ಚಾಚಿ ನೋಡಿದರು. ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಬ್ಯಾನರಿನ ಕೋಲು ಕಿರ್ರೆಂದಿತು.

"ಬ್ಯಾನರ್ ಬರೆಸಿ ಆಗಿದೆ," ಎಂದು ಮೇಷ್ಟ್ರು ಕೊನೆಗೆ ನಿಟ್ಟುಸಿರಿಟ್ಟರು. ಆಮೇಲೆ ಸೀಟಿ ಊದಿ, "ಸಾಲಾಗಿ ಬನ್ನಿ! ಒಬ್ಬೊಬ್ರೇ ಅಪ್ಕೊಳ್ಳಿ! ಜೋರಾಗಿ ಬೇಡ!" ಎಂದು ಆಜ್ಞೆ ಮಾಡಿದರು. ಎಂಟು ಜನ ಮಂಡಿಯೂರಿ, ಹೆಬ್ಬೆರಳು ತೋರುಬೆರಳಿನಿಂದ ಸಸಿಯನ್ನು ಒಬ್ಬರಾದ ಮೇಲೊಬ್ಬರು ಅಪ್ಪಿಕೊಂಡರು. ಇದರ ಒಂದು ಎಲೆಯನ್ನೂ ಕತ್ತರಿಸಲು ಬಿಡುವುದಿಲ್ಲ ಎಂದು ಪ್ರತಿಜ್ಞೆಯಾಯಿತು.

"ಕತ್ತರಿಸದಿದ್ರೇ ಅದಕ್ಕೆ ತೊಂದರೆ ಮೇಷ್ಟ್ರೇ," ಎಂದರು ಮಾವ, ಕುರ್ಚಿಯಲ್ಲಿ ಕೂತಲ್ಲಿಂದ. "ಕೆಳಗಿನ ಕೊಂಬೆ ನೋಡಿ."

"ನಿಮ್ಮ ಸಂಕಟ ಅರ್ಥ ಆಗತ್ತೆ ಯಜಮಾನ್ರೇ, ಹೆದರ್ಬೇಡಿ, ನಾವಿದ್ದೀವಿ," ಎಂದು ಮೇಷ್ಟ್ರು ಮಾವನ ಬೆನ್ನು ತಟ್ಟಿ ಹೋದರು.

ಎಂಟನೇ ದಿನ ಕೆಳಗಿನ ಕೊಂಬೆಯ ಎಲೆ ಹಳದಿಗೆ ತಿರುಗಿತು. ಮೇಲಿನ ಚಿಗುರು ಬಿಲ್ಲೆಯನ್ನೂ ದಾಟಿ ಉದ್ದಕ್ಕೆ ನಿಂತಿತ್ತು. ಮಾವ ಬಾಲ್ಕನಿಗೆ ಹೋಗುವುದನ್ನೇ ಬಿಟ್ಟರು. ಹೆಂಡತಿ ನನ್ನೊಡನೆ ಮಾತು ಬಿಟ್ಟಳು. ಉಪ್ಪು ಬೇಕಾದರೂ ಗೋಡೆಗೆ ಹೇಳಬೇಕು, ಗೋಡೆಯೇ ಕೊಡಬೇಕು. ಹತ್ತನೇ ದಿನ ಮಾತ್ರ ನನ್ನ ತೋಳು ಹಿಡಿದು ಹಾಲ್‌ನ ಬಾಗಿಲಿಗೆ ಕರೆದುಕೊಂಡು ಹೋದಳು.

"ಅಪ್ಪನ ಕೈ ನೋಡ್ರೀ," ಎಂದಳು.

ನೋಡಿದೆ. ಮಾವ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ತೊಡೆಯ ಮೇಲೆ ಎರಡು ಬೆರಳು ಮತ್ತೆ ಕಚಕಚ ಶುರು ಮಾಡಿದ್ದವು. ನನಗೆ ನಿಜಕ್ಕೂ ನಾಚಿಕೆಯಾಯಿತು. ಒಂದು ತಗಡಿನ ಚೂರಿನ ಆಸೆಗೆ ನಾನು ಈ ಮನುಷ್ಯನ ಕೈ ಕಟ್ಟಿಹಾಕಿದ್ದೆ.

ಅವತ್ತೇ ಸಂಜೆ ಸಾಹೇಬರು ಬಂದರು. ಬರೀ ಸಾಹೇಬರಲ್ಲ. ಒಂದು ಲಾರಿ, ಲಾರಿಯ ಮೇಲೆ ಇಪ್ಪತ್ತು ಮೆಟ್ಟಿಲಿನ ಏಣಿ, ನಾರಿನ ಹಗ್ಗದ ಸುರುಳಿಗಳು, ನಾಲ್ಕು ಜನ ಆಳುಗಳು, ಅವರಿಗೆ ಮುಖ್ಯಸ್ಥನಾಗಿ ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ನಡೆಯಬೇಕಾದಷ್ಟು ಅಗಲದ ಒಬ್ಬ ಮರ ಕಡಿಯುವವ, ಅವನ ಹೆಗಲ ಮೇಲೆ ಅವನಿಗಿಂತ ಉದ್ದದ ಗರಗಸ. ಹಗಲೆಲ್ಲ ಬೇರೆ ಬೀದಿಗಳನ್ನು ಮುಗಿಸಿ ಬಂದಿದ್ದರಿಂದ ಹೊತ್ತು ಮುಳುಗುವ ಸಮಯವಾಗಿತ್ತು. ಕಾರ್ಯದರ್ಶಿಗಳು, ಮೇಷ್ಟ್ರು, ಬಳಗದವರು, ವಕೀಲರು, ಬೀದಿಯ ಅರ್ಧ ಜನ ಮೆಟ್ಟಿಲು ತುಂಬಿಕೊಂಡು ಹಿಂದೆಯೇ ಬಂದರು.

ಸಾಹೇಬರು ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡಿದರು. ಮಳೆಮರದ ಒಂದು ಸ್ವಭಾವ ಬಲ್ಲವರಿಗೆ ಗೊತ್ತು: ಹೊತ್ತು ಇಳಿದರೆ ಎಲೆಗಳೆಲ್ಲ ಜೋಡಿ ಜೋಡಿಯಾಗಿ ಮಡಚಿಕೊಂಡು ಜೋತುಬೀಳುತ್ತವೆ. ಸಾಹೇಬರು ನೋಡಿದಾಗ ಸಸಿ ಹಾಗೆ ಜೋತುಬಿದ್ದಿತ್ತು. ಕೆಳಗಿನ ಕೊಂಬೆ ಬೇರೆ ಹಳದಿ.

"ಓಹೋ, ಇದು ಸತ್ತೇಹೋಗಿದೆ," ಎಂದರು ಸಾಹೇಬರು. ದಿನವಿಡೀ ಜಗಳ ಕೇಳಿ ಬಂದ ಅವರು ಎತ್ತರದ ಗೊಡವೆಗೇ ಹೋಗಲಿಲ್ಲ, ಮುಖದಲ್ಲಿ ಮೊದಲ ಸಲ ಕಳೆ ಬಂತು. "ಒಳ್ಳೇದಾಯ್ತು. ಮರ ಸತ್ತಿದೆ, ದಾಖಲೆಯಿಂದ ವಜಾ. ಅರ್ಜಿನೂ ವಜಾ, ಆಕ್ಷೇಪಣೆನೂ ವಜಾ. ಸತ್ತ ಮರ ಇಲಾಖೆಗೆ ಸೇರಿದ್ದು. ಗಾಡಿಗೆ ಹಾಕಪ್ಪಾ."

ಡ್ರಿಲ್ ಮೇಷ್ಟ್ರು ಸೀಟಿ ಊದಿ ಒಂದು ನಿಮಿಷದ ಮೌನ ಘೋಷಿಸಿದರು. ಆ ಮೌನದಲ್ಲಿಯೇ ಮರ ಕಡಿಯುವವ ಒಂದೇ ಕೈಯಲ್ಲಿ ಕುಂಡವನ್ನು ಎತ್ತಿಕೊಂಡ.

ಮಾವ ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

"ಅದು ಸತ್ತಿಲ್ಲ ಸಾರ್. ಮಲಗಿದೆ."

ಸಾಹೇಬರು ಮೆತ್ತಗಾದರು. "ನೋವಾಗತ್ತೆ ಯಜಮಾನ್ರೇ. ನಮ್ಮ ತಂದೆಯವರೂ ಹೀಗೇ, ಒಣಗಿದ ಗಿಡಾನೂ ಸತ್ತಿದೆ ಅಂತ ಒಪ್ತಿರ್ಲಿಲ್ಲ," ಎಂದರು. ಮೆಟ್ಟಿಲ ಮೇಲಿದ್ದವರೆಲ್ಲ ಅಯ್ಯೋ ಪಾಪ ಎಂಬಂತೆ ಮಾವನನ್ನು ನೋಡಿದರು. ಆಮೇಲೆ ಸಾಹೇಬರು ನನ್ನ ಕಡೆ ತಿರುಗಿ ಪೆನ್ನು ಚಾಚಿದರು. "ಅರ್ಜಿದಾರರು ನೀವಲ್ವಾ? ಸತ್ತಿದೆ ತಾನೇ? ಇಲ್ಲೊಂದು ಸಹಿ ಹಾಕಿ."

ಎಂಥ ಸೊಗಸಾದ ಪೆನ್ನು! ಒಂದು ಗೀಟು ಎಳೆದರೆ ಸಾಕು. ಒಂಬತ್ತು ಮೀಟರಿನ ಕಥೆ ಅಲ್ಲಿಗೇ ಮುಚ್ಚಿಹೋಗುತ್ತದೆ, ಯಾರೂ ಏನೂ ಕೇಳುವುದಿಲ್ಲ. ವಕೀಲರ ತಲೆ ಬಾಗಿಲ ಸಂದಿಯಲ್ಲಿ ಎಲ್ಲರಿಗಿಂತ ಮುಂದಿತ್ತು. ಕುಂಡ ಆಗಲೇ ಹೊಸ್ತಿಲು ದಾಟುತ್ತಿತ್ತು. ಮಾವ ನನ್ನನ್ನೇ ನೋಡುತ್ತಿದ್ದರು.

"ಇಳಿಸಪ್ಪಾ ಅದನ್ನ!" ಎಂದು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. "ಅದು ಸತ್ತಿಲ್ಲ ಸಾರ್. ದಿನಾ ಸಂಜೆ ಎಲೆ ಮಡಚತ್ತೆ, ಬೆಳಿಗ್ಗೆ ಬಿಚ್ಚತ್ತೆ. ಮಾವ ಹೇಳಿದ್ದು ನಿಜ. ಸುಳ್ಳು ನಂದು. ಒಂಬತ್ತು ಮೀಟರ್ ಅಲ್ಲ, ಒಂಬತ್ತು ಅಂಗುಲ. ಎದುರುಮನೆಯವರ ಬಿಲ್ಲೆ ನೋಡಿ ಹೊಟ್ಟೆಕಿಚ್ಚಾಗಿ ಬಾಯಿ ಮುಚ್ಕೊಂಡಿದ್ದೆ. ತಪ್ಪಾಯ್ತು. ಕೇಸು ಹಾಕೋದಾದ್ರೆ ನನ್ನ ಮೇಲೆ ಹಾಕಿ, ಅದನ್ನ ಮಾತ್ರ ತಗೊಂಡು ಹೋಗ್ಬೇಡಿ."

ಮೊದಲು ನಕ್ಕವರು ವಕೀಲರು. ಆಮೇಲೆ ನಗು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಗೇಟಿನವರೆಗೆ ಹೋಯಿತು, ಅಲ್ಲಿ ವಿಷಯ ಗೊತ್ತಿಲ್ಲದವರು ಏನೆಂದು ಕೇಳಿ ಇನ್ನೊಮ್ಮೆ ನಕ್ಕರು. ನನ್ನ ಹೆಂಡತಿ ನಗಲಿಲ್ಲ. ಹತ್ತು ದಿನದ ಮೇಲೆ ಮೊದಲ ಬಾರಿಗೆ ನನಗೊಂದು ಲೋಟ ನೀರು ತಂದುಕೊಟ್ಟಳು.

"ಬೆಳಿಗ್ಗೆ ಬರ್ತೀನಿ," ಎಂದರು ಸಾಹೇಬರು. "ಎಲೆ ಬಿಚ್ಚಿದ್ರೆ ಸರಿ. ಇಲ್ಲಾಂದ್ರೆ ಮರನೂ ನಂದು, ನೀವೂ ನಂದೇ."

ಮರುದಿನ ಏಳು ಗಂಟೆಗೆ ಲಾರಿ, ಆಳುಗಳ ಸಮೇತ ಸಾಹೇಬರು ಬಂದಾಗ ಹಾಲಿನವರೂ ಪೇಪರಿನವರೂ ಸೇರಿ ಬೀದಿಗೆ ಬೀದಿಯೇ ನಮ್ಮ ಮೆಟ್ಟಿಲ ಮೇಲಿತ್ತು. ಬಾಲ್ಕನಿಗೆ ಬಿಸಿಲು ಬಂತು. ಸಾಹೇಬರು ದೊಡ್ಡ ಬೆಟ್ಟ ನೋಡುವವರಂತೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಒಂದು ಜೋಡಿ ಎಲೆ ಬೇರ್ಪಟ್ಟಿತು. ಇನ್ನೊಂದು ಜೋಡಿ. ನೋಡನೋಡುತ್ತಿದ್ದಂತೆ ಇಡೀ ಸಸಿ ಹಸಿರಾಗಿ ಬಿಚ್ಚಿಕೊಂಡಿತು. ಮೇಷ್ಟ್ರು ಸೀಟಿ ಊದಿದರು. ಕಾರ್ಯದರ್ಶಿಗಳು ಕೂಡ ಚಪ್ಪಾಳೆ ತಟ್ಟಿ, ಆಮೇಲೆ ತಮ್ಮ ಬಚ್ಚಲು ನೆನಪಾಗಿ ನಿಲ್ಲಿಸಿದರು.

"ದಾಖಲೆ ಮಾತ್ರ ತಿದ್ದೋಕಾಗಲ್ಲ," ಎಂದರು ಸಾಹೇಬರು, ತಲೆ ಕೆರೆದುಕೊಳ್ಳುತ್ತ. "ಮರ ಸತ್ರೆ ತೆಗೀಬಹುದು, ಬಿದ್ರೆ ತೆಗೀಬಹುದು. ಗಿಡ್ಡ ಅಂತ ತೆಗೆಯೋಕೆ ನಿಯಮ ಇಲ್ಲ. ಕೊಂಬೆಗೆ ಅನುಮತಿ ಬರೆದುಕೊಡ್ತೀನಿ. ಆದ್ರೆ ಕಡಿಯೋದು ನಮ್ಮವರೇ." ಎಂದು ಮರ ಕಡಿಯುವವನಿಗೆ ಸನ್ನೆ ಮಾಡಿದರು.

ಅವನು ಗರಗಸ ಇಳಿಸಿ ಸಸಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಚಿಗುರು ನೋಡಿದ, ತನ್ನ ಕೈ ನೋಡಿಕೊಂಡ.

"ಬೇಡ ಸಾರ್. ನನ್ನ ಗರಗಸದ ಗಾಳಿ ಬಡಿದ್ರೇ ಇದು ಹೋಗತ್ತೆ. ಈ ಯಜಮಾನ್ರೇ ಮಾಡ್ಲಿ. ನಾನು ಏಣಿ ಹಿಡ್ಕೋತೀನಿ."

"ಏಣಿ ಯಾಕಯ್ಯಾ?"

"ಒಂಬತ್ತು ಮೀಟರ್ ಮರಾನ ಏಣಿ ಇಲ್ದೆ ಕಡಿದ್ರು ಅಂತ ಬರೆದ್ರೆ ನಾಳೆ ನಿಮ್ಮನ್ನೇ ಕೇಳ್ತಾರಲ್ಲ ಸಾರ್."

ಸಾಹೇಬರಿಗೆ ಅದು ಸರಿಯೆನಿಸಿತು. ಇಪ್ಪತ್ತು ಮೆಟ್ಟಿಲಿನ ಏಣಿಯನ್ನು ಲಾರಿಯಿಂದ ಇಳಿಸಿ, ಕಷ್ಟಪಟ್ಟು ಮೆಟ್ಟಿಲು ಹತ್ತಿಸಿ, ಹಾಲ್‌ನಿಂದ ತಂದು ಬಾಲ್ಕನಿಯ ಗೋಡೆಗೆ ಆನಿಸಿ, ನಾಲ್ಕು ಜನ ಭದ್ರವಾಗಿ ಹಿಡಿದುಕೊಂಡರು. ಅದರ ಮೇಲೆ ಯಾರೂ ಇರಲಿಲ್ಲ. ಅದರ ಬುಡದಲ್ಲಿ ಕುರ್ಚಿ ಹಾಕಿಕೊಂಡು ಮಾವ ಕೂತರು.

ನಾನು ಓಡಿಹೋಗಿ ಆಫೀಸಿನ ಚೀಲದಿಂದ ಕತ್ತರಿ ತಂದೆ. ಕೊಡುವಾಗ ನೋಡುತ್ತೇನೆ, ಯಾವಾಗಲೋ ಅಭ್ಯಾಸಬಲದಿಂದ ಅದಕ್ಕೂ ನಂಬರಿನ ಚೀಟಿ ಕಟ್ಟಿಬಿಟ್ಟಿದ್ದೇನೆ! ಮಾವ ಚೀಟಿ ಓದಿದರು, ನನ್ನನ್ನು ನೋಡಿದರು, ದಾರ ಬಿಚ್ಚಿ ಚೀಟಿಯನ್ನು ನನ್ನ ಜೇಬಿಗೇ ಸಿಕ್ಕಿಸಿದರು.

ಆಮೇಲೆ ಬಿಳೀ ಬಟ್ಟೆ ಕೇಳಿ ತರಿಸಿ, ಒಮ್ಮೆ ಫಟ್ಟನೆ ಕೊಡವಿ, ಕುಂಡದ ಸುತ್ತ ಹೊದಿಸಿ ಹಿಂದುಗಡೆ ಗಂಟು ಹಾಕಿದರು. ಬಾಚಣಿಗೆ ತೂರಿಸಿ ಚಿಗುರನ್ನು ಎತ್ತಿ ಹಿಡಿದರು. ಕಚಕ್! ಚಿಗುರು ಬಿಳೀ ಬಟ್ಟೆಯ ಮೇಲೆ ಬಿತ್ತು. ಮಾವ ತಂತಿಯನ್ನು ಸುತ್ತು ಸುತ್ತಾಗಿ ಬಿಚ್ಚಿದರು, ಕೆಳಗಿನ ಕೊಂಬೆಯ ಹಳದಿ ಎಲೆಗಳನ್ನು ತೆಗೆದು ಅದರ ತುದಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದರು. ಒಳಗೆ ಹಸಿರಿತ್ತು.

"ಉಳಿಯತ್ತೆ," ಎಂದರು.

ನನ್ನ ಹೆಂಡತಿ ಈರುಳ್ಳಿಯ ನೆಪವಿಲ್ಲದೆ ಎಲ್ಲರ ಮುಂದೆ ಗೊಳೋ ಎಂದು ಅತ್ತಳು. ಏಣಿ ಹಿಡಿದಿದ್ದ ನಾಲ್ವರೂ ಬೆವರು ಒರೆಸಿಕೊಂಡರು. ಮಾವ ಮಾತ್ರ ಇದಾವುದರ ಪರಿವೆಯಿಲ್ಲದೆ ಕೈಗನ್ನಡಿ ತೆಗೆದು ಸಸಿಯ ಹಿಂದುಗಡೆ ಹಿಡಿದು, "ಹಿಂದ್ಗಡೆ ಸರಿ ಇದೆಯಾ ನೋಡ್ಕೊಳ್ಳಿ," ಎಂದುಬಿಟ್ಟರು. ಎಲ್ಲರೂ ಗೊಳ್ಳೆಂದು ನಕ್ಕಾಗ ಅವರಿಗೂ ನಗು ತಡೆಯಲಾಗಲಿಲ್ಲ. ಅವರ ಹೊಟ್ಟೆ ಕುಲುಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಜನ ಕರಗತೊಡಗಿದರು. ಸಾಹೇಬರು ಮಾತ್ರ ಹೋಗಲಿಲ್ಲ. ಕಾಗದಪತ್ರಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕತ್ತಿನ ಹಿಂದೆ ಕೈಯಾಡಿಸಿಕೊಳ್ಳುತ್ತ ಕುರ್ಚಿಯ ಹತ್ತಿರವೇ ಸುಳಿದಾಡಿದರು. ಕೊನೆಗೆ ದನಿ ತಗ್ಗಿಸಿ, "ಯಜಮಾನ್ರೇ, ನಂದೂ ಸ್ವಲ್ಪ ಕಿವಿ ಮೇಲೆ ಬಂದಿದೆ. ಹಾಗೇ ಒಂದು ಕೈ ನೋಡ್ತೀರಾ?" ಎಂದರು.

ಮಾವ ಬಿಳೀ ಬಟ್ಟೆ ಕೊಡವಿದರು. ಸಾಹೇಬರ ಕತ್ತಿನ ಹಿಂಭಾಗವನ್ನು ಎಡಗಡೆಯಿಂದೊಮ್ಮೆ, ಬಲಗಡೆಯಿಂದೊಮ್ಮೆ ಬಹಳ ಹೊತ್ತು ಪರಿಶೀಲಿಸಿದರು.

"ಅರ್ಜಿ ಕೊಟ್ಟು ಹತ್ತು ದಿನ ಆಯ್ತಾ ಸಾರ್?" ಎಂದು ಕೇಳಿದರು.